ಬೆಳಕಿನ ಹಾಯಿ ಬಿಚ್ಚುವುದು ಹೇಗೆ?

ಮಕ್ಕಳೇ, ಯಡಿಯೂರಿನ ಸಿದ್ಧಲಿಂಗೇಶ್ವರ ಸ್ವಾಮಿಯ ಜಾತ್ರೆಗೆ ನೀವು ಹೋಗಿರಬಹುದು. ಅಲ್ಲಿ ಮಕ್ಕಳ ಆಟಿಕೆ ಮಾರುವವರ ಹತ್ತಿರ ಕಾಗದದ ಒಂದು ಪೀಪಿ ಇರುತ್ತದೆ. ಅದು ಸುರುಳಿ ಸುತ್ತಿಕೊಂಡು ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾಗಿರುತ್ತದೆ. ಬಾಯಲ್ಲಿಟ್ಟು ಊದಿದರೆ ಸರ್ರನೆ ಬಿಚ್ಚಿಕೊಂಡು ಉದ್ದವಾಗುತ್ತದೆ. ಊದುವುದನ್ನು ನಿಲ್ಲಿಸಿದರೆ ಮತ್ತೆ ಸುರುಳಿಯಾಗುತ್ತದೆ. ಚಿಕ್ಕದಾಗಿ ಒಯ್ಯುವುದು, ಬೇಕಾದಾಗ ದೊಡ್ಡದಾಗಿ ಬಿಚ್ಚುವುದು. ಮಡಚುವ ಛತ್ರಿಯಲ್ಲಿ ನಡೆಯುವುದೂ ಇದೇ. ತೋಟದಲ್ಲಿ ಬಾಳೆಯ ಸುಳಿ ಹೊರಬರುವುದನ್ನು ಗಮನಿಸಿ. ಅಷ್ಟು ದೊಡ್ಡ ಎಲೆ ಕೋಲಿನಂತೆ ಸುರುಳಿ ಸುತ್ತಿಕೊಂಡು ಮೇಲೆ ಬರುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ.

ಬಾಹ್ಯಾಕಾಶಕ್ಕೆ ಹೋಗುವ ಉಪಗ್ರಹಗಳಿಗೂ ಈ ಉಪಾಯ ಬೇಕು. ಅದಕ್ಕೆ ಸಂಬಂಧಿಸಿದ ಒಂದು ನಿಜವಾದ ಕಥೆ ನಮ್ಮ ಊರಿನ ರಸ್ತೆಯ ಎರಡು ತುದಿಗಳಲ್ಲಿ ನಡೆದಿದೆ. ಯಡಿಯೂರಿನ ಬಸ್ ನಿಲ್ದಾಣದಲ್ಲಿ ನಿಂತರೆ ಒಂದು ದಿಕ್ಕಿಗೆ ಬೆಂಗಳೂರಿನ ಬಸ್ಸು, ಇನ್ನೊಂದು ದಿಕ್ಕಿಗೆ ಹಾಸನದ ಬಸ್ಸು ಹೋಗುತ್ತವೆ. ಬೆಂಗಳೂರಿನಲ್ಲಿ ಉಪಗ್ರಹಗಳನ್ನು ಕಟ್ಟುತ್ತಾರೆ. ಹಾಸನದಲ್ಲಿ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಗೆ ಅಲ್ಲಿಂದ ಆಜ್ಞೆ ಹೋಗುತ್ತದೆ. ಹೆಚ್ಚುಕಡಿಮೆ ಇವೆರಡರ ನಡುವೆ ನಮ್ಮ ಯಡಿಯೂರು.

ಬೆಳಕೂ ತಳ್ಳುತ್ತದೆ

ಮೊದಲು ಒಂದು ವಿಚಿತ್ರ ಸಂಗತಿ ತಿಳಿಯೋಣ. ಗಾಳಿ ತಳ್ಳುತ್ತದೆ ಎಂಬುದು ನಮಗೆ ಗೊತ್ತು. ಹರಿಯುವ ನೀರು ತಳ್ಳುತ್ತದೆ ಎಂಬುದೂ ಗೊತ್ತು. ಆದರೆ ಬೆಳಕೂ ತಳ್ಳುತ್ತದೆ! ಬಿಸಿಲಿನಲ್ಲಿ ನಿಂತಾಗ ಸೂರ್ಯನ ಬೆಳಕು ನಿಮ್ಮ ಬೆನ್ನನ್ನು ಬಿಸಿ ಮಾಡುವುದಲ್ಲದೆ ಸ್ವಲ್ಪ ತಳ್ಳುತ್ತಲೂ ಇರುತ್ತದೆ. ಆ ಬಲ ತೀರಾ ಕಡಿಮೆಯಾದ್ದರಿಂದ ನಮಗೆ ತಿಳಿಯುವುದಿಲ್ಲ.

ಎಷ್ಟು ಕಡಿಮೆ? ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಅಷ್ಟು ದೊಡ್ಡ ಕನ್ನಡಿಯನ್ನು ಬಾಹ್ಯಾಕಾಶದಲ್ಲಿ ಸೂರ್ಯನಿಗೆ ನೇರವಾಗಿ ಹಿಡಿದರೆ ಬೆಳಕು ಅದನ್ನು ತಳ್ಳುವ ಬಲ ಸುಮಾರು 9 ಮೈಕ್ರೋನ್ಯೂಟನ್. ಈಗ ಒಂದು ರಾಗಿ ಕಾಳನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದರ ಭಾರ ನಿಮಗೆ ಗೊತ್ತಾಗುವುದೇ ಇಲ್ಲ ಅಲ್ಲವೇ? ಆ ಕಾಳಿನ ಭಾರದ ಮೂರರಲ್ಲಿ ಒಂದು ಪಾಲು ಎಷ್ಟೋ, ಬೆಳಕು ಆ ಕನ್ನಡಿಯನ್ನು ತಳ್ಳುವ ಬಲವೂ ಸುಮಾರು ಅಷ್ಟೇ.

ಕನ್ನಡಿ ಎಂದು ಯಾಕೆ ಹೇಳಿದೆವು? ರಬ್ಬರ್ ಚೆಂಡನ್ನು ಒಂದು ಹಲಗೆಗೆ ಎಸೆದರೆ ಅದು ಪುಟಿದು ಹಿಂದಕ್ಕೆ ಬರುತ್ತದೆ. ಹಸಿ ಮಣ್ಣಿನ ಉಂಡೆ ಎಸೆದರೆ ಅಲ್ಲೇ ಅಂಟಿಕೊಳ್ಳುತ್ತದೆ. ಎರಡೂ ಒಂದೇ ತೂಕ, ಒಂದೇ ವೇಗದಲ್ಲಿದ್ದರೆ ಪುಟಿಯುವ ಚೆಂಡೇ ಹಲಗೆಯನ್ನು ಹೆಚ್ಚು ತಳ್ಳುತ್ತದೆ. ಬೆಳಕಿನದೂ ಹಾಗೆಯೇ. ಕಪ್ಪು ಹಾಳೆ ಬೆಳಕನ್ನು ಹೀರಿಕೊಳ್ಳುತ್ತದೆ. ಹೊಳೆಯುವ ಹಾಳೆ ಹಿಂದಕ್ಕೆ ಪ್ರತಿಫಲಿಸುತ್ತದೆ. ಆದ್ದರಿಂದ ಹೊಳೆಯುವ ಹಾಳೆಯ ಮೇಲೆ ಬೀಳುವ ಬಲ ಕಪ್ಪು ಹಾಳೆಯ ಮೇಲಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು.

ಸಮುದ್ರದಲ್ಲಿ ಹಾಯಿ ದೋಣಿ ಗಾಳಿಯ ಬಲದಿಂದ ಸಾಗುತ್ತದೆ. ಹಾಗೆಯೇ ಬೆಳಕಿನ ಬಲದಿಂದ ಸಾಗುವ ನೌಕೆಗೆ ಕಟ್ಟಿದ ಹೊಳೆಯುವ ಹಾಳೆಯೇ 'ಸೌರಹಾಯಿ'.

ಒಂದೇ ಕೈಯಲ್ಲಿ ಮೊರ

ಇಷ್ಟು ಚಿಕ್ಕ ಬಲದಿಂದ ಏನಾದೀತು ಎಂದು ನಿಮಗೆ ಅನ್ನಿಸಬಹುದು. ಹಾಸನದ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಜೋರಾಗಿ ಗಾಳಿ ಬೀಸುವಾಗ ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಆ ಕೈಯಲ್ಲಿ ಒಂದು ಮೊರ ಹಿಡಿದು ನಿಂತುಕೊಳ್ಳಿ. ಗಾಳಿ ಮೊರವನ್ನು ತಳ್ಳಿ ನಿಮ್ಮನ್ನು ಆ ಕಡೆಗೆ ತಿರುಗಿಸುತ್ತದೆ. ಇನ್ನೊಂದು ಕೈಯಲ್ಲೂ ಒಂದು ಮೊರ ಹಿಡಿದರೆ? ಎರಡೂ ಕಡೆಯ ತಳ್ಳುವಿಕೆ ಸಮನಾಗಿ ನೀವು ನೇರವಾಗಿ ನಿಲ್ಲಬಹುದು.

ಬಹುತೇಕ ಸಂಪರ್ಕ ಉಪಗ್ರಹಗಳಿಗೆ ಎರಡೂ ಕಡೆ ಸೌರಫಲಕಗಳಿರುತ್ತವೆ. ಆದರೆ ಭಾರತದ ಮೊದಲ ಇನ್ಸಾಟ್ ಉಪಗ್ರಹಗಳು ದೂರವಾಣಿ, ದೂರದರ್ಶನಗಳ ಜೊತೆಗೆ ಹವಾಮಾನದ ಕೆಲಸವನ್ನೂ ಮಾಡಬೇಕಿತ್ತು. ಮೋಡಗಳ ಚಿತ್ರ ತೆಗೆಯುವ ಉಪಕರಣದ ಒಂದು ಭಾಗ ತುಂಬಾ ತಣ್ಣಗಿರಬೇಕು. ಅದಕ್ಕಾಗಿ ಅದು ಉಪಗ್ರಹದ ಒಂದು ಪಕ್ಕದಿಂದ ಬರಿದಾದ ಚಳಿ ಆಕಾಶವನ್ನು ನೋಡುತ್ತಿರಬೇಕು. ಆ ಪಕ್ಕದಲ್ಲಿ ಬಿಸಿಲಿಗೆ ಕಾದ ದೊಡ್ಡ ಫಲಕ ಇದ್ದರೆ ಅದರ ಶಾಖ ಉಪಕರಣಕ್ಕೆ ತಗಲುತ್ತದೆ. ಆದ್ದರಿಂದ ಈ ಉಪಗ್ರಹಗಳಿಗೆ ಸೌರಫಲಕ ಒಂದೇ ಕಡೆ!

ಇದು ಒಂದೇ ಕೈಯಲ್ಲಿ ಮೊರ ಹಿಡಿದು ನಿಂತ ಹಾಗಾಯಿತು. ಬೆಳಕು ಹಗಲಿರುಳು ಆ ಒಂದು ಕಡೆಯನ್ನೇ ತಳ್ಳುತ್ತದೆ. ಬಲ ಚಿಕ್ಕದಾದರೂ ಅದು ನಿಲ್ಲುವುದಿಲ್ಲ. ದಿನ ಕಳೆದಂತೆ ಉಪಗ್ರಹ ತಿರುಗಿಬಿಡುತ್ತದೆ. ಉಪಗ್ರಹದ ಆಂಟೆನಾ ಭಾರತದ ಕಡೆಗೆ ಮುಖ ಮಾಡಿರಬೇಕಲ್ಲವೇ?

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಪರಿಹಾರವೇ ಸೌರಹಾಯಿ. ಫಲಕ ಇಲ್ಲದ ಕಡೆಗೆ ಉದ್ದನೆಯ ತೆಳು ತೋಳು, ಅದರ ತುದಿಯಲ್ಲಿ ಹಗುರವಾದ ಚಿಕ್ಕ ಹಾಯಿ. ತಕ್ಕಡಿಯ ಒಂದು ದಂಡ ಉದ್ದವಾಗಿದ್ದರೆ ಆ ಕಡೆ ಕಡಿಮೆ ತೂಕ ಇಟ್ಟರೂ ತೂಗುತ್ತದೆ. ಹಾಗೆಯೇ ತೋಳು ಉದ್ದವಿದ್ದುದರಿಂದ ಚಿಕ್ಕ ಹಾಯಿಯೇ ದೊಡ್ಡ ಫಲಕಕ್ಕೆ ಸಮತೋಲ ನೀಡಬಲ್ಲದು. ಹಾಯಿ ದೂರದಲ್ಲಿದ್ದು ಚಿಕ್ಕದಾಗಿರುವುದರಿಂದ ತಂಪಾಗಿರಬೇಕಾದ ಉಪಕರಣಕ್ಕೆ ಅದರ ಶಾಖದ ಕಾಟವೂ ಕಡಿಮೆ.

ಬಿಚ್ಚದೆ ಉಳಿದ ಹಾಯಿ

ಅಷ್ಟು ಉದ್ದದ ತೋಳನ್ನು ಚಾಚಿಕೊಂಡು ರಾಕೆಟ್ಟಿನೊಳಗೆ ಕೂರಲು ಆಗುವುದಿಲ್ಲ. ಆದ್ದರಿಂದ ತೋಳು, ಹಾಯಿ, ಫಲಕ, ಆಂಟೆನಾ ಎಲ್ಲವನ್ನೂ ಮಡಚಿ ಕಳಿಸುತ್ತಾರೆ. ಮೇಲೆ ಹೋದ ಮೇಲೆ ಒಂದೊಂದಾಗಿ ಬಿಚ್ಚುತ್ತಾರೆ.

1982ರ ಏಪ್ರಿಲ್ 10ರಂದು ಇನ್ಸಾಟ್-1ಎ ಉಪಗ್ರಹವನ್ನು ಅಮೆರಿಕದಿಂದ ಹಾರಿಸಲಾಯಿತು. ಅದನ್ನು ತಯಾರಿಸಿದ್ದೂ ಅಮೆರಿಕದಲ್ಲಿಯೇ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಹಾಸನದ ಕೇಂದ್ರ ಸಿದ್ಧವಾಗಿತ್ತು. ಏಳು ವರ್ಷ ದುಡಿಯಬೇಕೆಂದು ಕಟ್ಟಿದ ಉಪಗ್ರಹ ಅದು. ಮೇಲೆ ಹೋದ ಮೇಲೆ ಒಂದು ಆಂಟೆನಾ ಬಿಚ್ಚಿಕೊಳ್ಳಲು ಸತಾಯಿಸಿತು. ಸೌರಹಾಯಿ ಮಾತ್ರ ಬಿಚ್ಚಿಕೊಳ್ಳಲೇ ಇಲ್ಲ.

ಸಮತೋಲಕ್ಕೆ ಹಾಯಿ ಇಲ್ಲ. ಬೆಳಕು ತಳ್ಳುತ್ತಲೇ ಇದೆ. ಉಪಗ್ರಹ ವಾಲದಂತೆ ಹಿಡಿದಿಡಲು ಅದರಲ್ಲಿದ್ದ ಪುಟ್ಟ ರಾಕೆಟ್ಟುಗಳನ್ನು ಮತ್ತೆ ಮತ್ತೆ ಉರಿಸಬೇಕಾಯಿತು. ಅದಕ್ಕೆ ಇಂಧನ ಬೇಕು. ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳಲು ಪೆಟ್ರೋಲ್ ಬಂಕ್ ಇಲ್ಲವಲ್ಲ! ಬೇರೆ ತೊಂದರೆಗಳೂ ಸೇರಿಕೊಂಡವು. ಇಂಧನ ಮುಗಿದುಹೋಯಿತು. ಅವಧಿಗೆ ಬಹಳ ಮೊದಲೇ ಉಪಗ್ರಹವನ್ನು ಕೈಬಿಡಬೇಕಾಯಿತು.

ಯೋಚಿಸಿ. ಅಷ್ಟು ದೊಡ್ಡ ಉಪಗ್ರಹ, ಅಷ್ಟೊಂದು ಜನರ ವರ್ಷಗಳ ದುಡಿಮೆ. ಅದರ ಆಯಸ್ಸು ಕಡಿಮೆಯಾಗಲು ಒಂದು ಮುಖ್ಯ ಕಾರಣ, ಒಂದು ಹಗುರ ಹಾಯಿ ಬಿಚ್ಚಿಕೊಳ್ಳದೆ ಉಳಿದದ್ದು.

ಮುಂದಿನ ಉಪಗ್ರಹ ಇನ್ಸಾಟ್-1ಬಿ 1983ರ ಆಗಸ್ಟ್ 30ರಂದು ಚಾಲೆಂಜರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಮೇಲೇರಿತು. ಅದರ ಸೌರಫಲಕವೂ ಮೊದಲು ಬಿಚ್ಚಿಕೊಳ್ಳಲಿಲ್ಲ. ಎಲ್ಲರಿಗೂ ಆತಂಕ. ಪಟ್ಟುಬಿಡದ ಪ್ರಯತ್ನದ ಫಲವಾಗಿ ಸೆಪ್ಟೆಂಬರ್ ಮಧ್ಯದ ವೇಳೆಗೆ ಅದು ಬಿಚ್ಚಿಕೊಂಡಿತು. ಆ ಉಪಗ್ರಹ ವರ್ಷಗಟ್ಟಲೆ ಕೆಲಸ ಮಾಡಿತು. ಆನಂತರ ನಮ್ಮವರೇ ಬೆಂಗಳೂರಿನಲ್ಲಿ ಇನ್ಸಾಟ್-2ಎ ಉಪಗ್ರಹ ಕಟ್ಟಿದರು. 1992ರ ಜುಲೈ 10ರಂದು ಅದು ಹಾರಿತು. ಅದಕ್ಕೂ ಒಂದು ಪಕ್ಕದಲ್ಲಿ ಫಲಕ, ಇನ್ನೊಂದು ಪಕ್ಕದಲ್ಲಿ ತೋಳಿನ ತುದಿಯ ಸೌರಹಾಯಿ ಇದ್ದವು.

ಹಗುರವೇ ಯಾಕೆ?

ಇನ್ಸಾಟ್‌ಗಳಲ್ಲಿ ಹಾಯಿಯ ಕೆಲಸ ಸಮತೋಲ ಮಾತ್ರ. ಹಾಯಿಯಿಂದಲೇ ನೌಕೆಯನ್ನು ಓಡಿಸಲು ಆಗುತ್ತದೆಯೇ? ಆಗುತ್ತದೆ.

2010ರ ಮೇ 21ರಂದು ಜಪಾನ್ 'ಇಕಾರೋಸ್' ಎಂಬ ನೌಕೆಯನ್ನು ಕಳಿಸಿತು. ಅದರ ಹಾಯಿ ಒಂದೊಂದು ಬದಿಗೆ ಸುಮಾರು 14 ಮೀಟರ್ ಇರುವ ಚೌಕ. ಹಾಳೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ 7.5 ಭಾಗ! ಗ್ರಹಗಳ ನಡುವಿನ ದಾರಿಯಲ್ಲಿ ಬೆಳಕಿನ ತಳ್ಳುವಿಕೆಯಿಂದ ವೇಗ ಬದಲಿಸಿಕೊಂಡ ಮೊದಲ ಹಾಯಿ ನೌಕೆ ಇದು.

2019ರಲ್ಲಿ 'ಲೈಟ್‌ಸೈಲ್-2' ಎಂಬ ಪುಟ್ಟ ನೌಕೆ ಭೂಮಿಯ ಸುತ್ತ ಹಾರಿತು. ಮಡಚಿಟ್ಟಾಗ ಅದು ಒಂದು ದೊಡ್ಡ ಬ್ರೆಡ್ಡಿನಷ್ಟು, ತೂಕ 5 ಕಿಲೋಗ್ರಾಂ. ಅದರೊಳಗಿನ ಹಾಯಿ ಬಿಚ್ಚಿದಾಗ 32 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತರಗತಿ ಕೋಣೆಯ ನೆಲದಷ್ಟು. ಆ ಹಾಯಿಗೆ ಸಿಗುವ ಬಲವೆಷ್ಟು ಗೊತ್ತೇ? ಸುಮಾರು ಹತ್ತು ರಾಗಿ ಕಾಳುಗಳ ಭಾರದಷ್ಟು!

ಆದರೂ ಈ ಬಲವನ್ನು ತಾತ್ಸಾರ ಮಾಡಬೇಡಿ. 5 ಕಿಲೋಗ್ರಾಂ ನೌಕೆಯ ಮೇಲೆ ಇದೇ ಬಲ ಬಿಡದೆ ಒಂದು ದಿನ ಬಿದ್ದರೆ ಅದರ ವೇಗ ಗಂಟೆಗೆ ಸುಮಾರು 18 ಕಿಲೋಮೀಟರಿನಷ್ಟು ಹೆಚ್ಚುತ್ತದೆ. ಅದು ಸೈಕಲ್ಲಿನ ವೇಗ. ಒಂದು ತಿಂಗಳು ಬಿದ್ದರೆ ಗಂಟೆಗೆ 500 ಕಿಲೋಮೀಟರಿಗೂ ಹೆಚ್ಚು! ಅಲ್ಲಿ ತಡೆಯಲು ಗಾಳಿಯಿಲ್ಲ, ಖರ್ಚಾಗಲು ಇಂಧನವಿಲ್ಲ. ಸೂರ್ಯ ಇರುವವರೆಗೆ ಬಲ ಪುಕ್ಕಟೆ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿಯೂ ನಿಜ.

ಅದೇ ನೌಕೆ 50 ಕಿಲೋಗ್ರಾಂ ಇದ್ದಿದ್ದರೆ? ಬಲ ಅಷ್ಟೇ, ಹೊರೆ ಹತ್ತರಷ್ಟು. ವೇಗ ಹೆಚ್ಚುವುದು ಹತ್ತರಲ್ಲಿ ಒಂದು ಪಾಲು. ಆದ್ದರಿಂದ ಹಾಯಿ ನೌಕೆಯಲ್ಲಿ ಒಂದೊಂದು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಹಾಯಿಯ ಹಾಳೆಗಿಂತ ಅದನ್ನು ಬಿಗಿಯಾಗಿ ಹಿಡಿಯುವ ತೋಳುಗಳೇ ದೊಡ್ಡ ಸವಾಲು. ತೋಳನ್ನು ದಪ್ಪ ಮಾಡಿದರೆ ಭಾರವಾಗುತ್ತದೆ. ತೆಳು ಮಾಡಿದರೆ ಬಾಗುತ್ತದೆ. ಹಗುರವಾಗಿರಬೇಕು, ಬಾಗಬಾರದು, ಸಣ್ಣ ಡಬ್ಬಿಯಲ್ಲಿ ಹಿಡಿಯಬೇಕು, ಮನುಷ್ಯರ ಕೈ ತಾಗದೆ ತಾನೇ ಬಿಚ್ಚಿಕೊಳ್ಳಬೇಕು!

ಬಿಚ್ಚುವ ನಾಲ್ಕು ಉಪಾಯಗಳು

1. ಟೇಪಿನ ಉಪಾಯ: ಬಡಗಿಯ ಸ್ಟೀಲ್ ಟೇಪನ್ನು ನೋಡಿ. ಡಬ್ಬಿಯೊಳಗೆ ಅದು ಚಪ್ಪಟೆಯಾಗಿ ಸುತ್ತಿಕೊಂಡಿರುತ್ತದೆ. ಹೊರಗೆ ಎಳೆದಾಗ ಅಡ್ಡಲಾಗಿ ದೋಣಿಯಂತೆ ಬಾಗಿ ನೆಟ್ಟಗೆ ನಿಲ್ಲುತ್ತದೆ. ಆ ಬಾಗೇ ಅದರ ಬಲ. ಬಾಳೆ ಎಲೆಯ ದಂಟು ದೋಣಿಯ ಆಕಾರದಲ್ಲಿದ್ದು ಅಷ್ಟಗಲದ ಎಲೆಯನ್ನು ಹೊರುವುದು ನೆನಪಿದೆಯೇ? ಲೈಟ್‌ಸೈಲ್-2ರ ನಾಲ್ಕು ಲೋಹದ ತೋಳುಗಳು ಹೀಗೆಯೇ ಸುತ್ತಿಕೊಂಡಿದ್ದವು. ಮೋಟಾರು ಅವನ್ನು ಹೊರಗೆ ತಳ್ಳಿತು, ತೋಳುಗಳು ಹಾಯಿಯನ್ನು ಎಳೆದು ಬಿಚ್ಚಿದವು. 2024ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಕಳಿಸಿದ ಒಂದು ನೌಕೆಯಲ್ಲಿ ಲೋಹದ ಬದಲು ಕಾರ್ಬನ್ ನಾರು ಸೇರಿಸಿದ ಪ್ಲಾಸ್ಟಿಕ್ಕಿನ 7 ಮೀಟರ್ ಉದ್ದದ ತೋಳುಗಳಿದ್ದವು. ಅದರ ಹಾಯಿ ಸುಮಾರು 80 ಚದರ ಮೀಟರ್. ಆಗಸ್ಟ್ 29ರಂದು ಹಾಯಿ ಬಿಚ್ಚಿಕೊಂಡಿತು. ಆದರೆ ಒಂದು ತೋಳು ಸ್ವಲ್ಪ ಬಾಗಿರುವುದು ಕಂಡುಬಂದಿತು. ಇಷ್ಟೆಲ್ಲ ಎಚ್ಚರ ವಹಿಸಿದರೂ ಇದು ಸುಲಭದ ಕೆಲಸವಲ್ಲ ಎಂದಾಯಿತು.

2. ಸುರುಳಿಯ ಉಪಾಯ: ಮೂರು ಉದ್ದನೆಯ ತೆಳು ಕಡ್ಡಿಗಳನ್ನು ಅಲ್ಲಲ್ಲಿ ಅಡ್ಡಕಡ್ಡಿಗಳಿಂದ ಕಟ್ಟಿ ಏಣಿಯಂಥ ಗೋಪುರ ಮಾಡುತ್ತಾರೆ. ಅದನ್ನು ತಿರುಚಿ ಒತ್ತಿದರೆ ಸ್ಪ್ರಿಂಗಿನಂತೆ ಸುರುಳಿಯಾಗಿ ಸಣ್ಣ ಡಬ್ಬಿಯೊಳಗೆ ಕೂರುತ್ತದೆ. ಬಿಟ್ಟರೆ ನೆಟ್ಟಗಾಗುತ್ತದೆ.

3. ಕೀಲಿನ ಉಪಾಯ: ನಿಮ್ಮ ತೋಳು ಮೊಣಕೈಯಲ್ಲಿ ಮಡಚುವಂತೆ ತುಂಡುತುಂಡಾದ ತೋಳು, ನಡುವೆ ಸ್ಪ್ರಿಂಗ್ ಇರುವ ಕೀಲು. ಸೂರ್ಯನನ್ನು ಅಭ್ಯಾಸ ಮಾಡಲು ಹೋದ ನಮ್ಮ ಆದಿತ್ಯ-ಎಲ್1 ನೌಕೆಯಲ್ಲಿ ಇಂಥದೇ ತೋಳಿದೆ. ಅದು ಹಾಯಿಯನ್ನು ಹಿಡಿಯುವ ತೋಳಲ್ಲ. ಕಾಂತಕ್ಷೇತ್ರ ಅಳೆಯುವ ಉಪಕರಣಗಳನ್ನು ನೌಕೆಯಿಂದ ದೂರ ಇಡುವ ತೋಳು. ಉದ್ದ 6 ಮೀಟರ್, ಕಾರ್ಬನ್ ನಾರಿನ ಐದು ತುಂಡುಗಳು. 2023ರ ಸೆಪ್ಟೆಂಬರ್ 2ರಂದು ಹಾರಿದ ನೌಕೆಯಲ್ಲಿ ಅದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಮಡಚಿಕೊಂಡೇ ಇತ್ತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, 2024ರ ಜನವರಿ 11ರಂದು, ಸುಮಾರು 9 ಸೆಕೆಂಡುಗಳಲ್ಲಿ ಬಿಚ್ಚಿಕೊಂಡಿತು. ಎಲ್ಲ ಕೀಲುಗಳೂ ಸರಿಯಾಗಿ ಬೀಗ ಹಾಕಿಕೊಂಡವು.

4. ಗಿರಕಿಯ ಉಪಾಯ: ಲಂಗ ತೊಟ್ಟ ಹುಡುಗಿ ಗಿರಗಿರನೆ ತಿರುಗಿದರೆ ಲಂಗ ಛತ್ರಿಯಂತೆ ಅರಳುತ್ತದೆ. ಇಕಾರೋಸ್ ಮಾಡಿದ್ದು ಇದನ್ನೇ. ನೌಕೆ ತನ್ನ ಸುತ್ತ ತಾನು ತಿರುಗಿತು. ಹಾಯಿಯ ನಾಲ್ಕು ಮೂಲೆಗಳಿಗೆ ಕಟ್ಟಿದ್ದ ಪುಟ್ಟ ತೂಕಗಳು ಹೊರಕ್ಕೆ ಜಗ್ಗಿ ಹಾಯಿ ಬಿಚ್ಚಿಕೊಂಡಿತು. ತೋಳುಗಳೇ ಬೇಡವಾದವು!

ನೆಲದ ಮೇಲೆ ಪರೀಕ್ಷೆ ಯಾಕೆ ಕಷ್ಟ?

ಮೇಲೆ ಹೋಗುವ ಮುನ್ನ ಇಲ್ಲೇ ಬಿಚ್ಚಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ನೋಡುತ್ತಾರೆ, ಮತ್ತೆ ಮತ್ತೆ ನೋಡುತ್ತಾರೆ. ಆದರೆ ಇಲ್ಲಿ ಗುರುತ್ವವಿದೆ. ತೆಳು ತೋಳು ತನ್ನ ಭಾರಕ್ಕೇ ಜೋಲುತ್ತದೆ. ಅದಕ್ಕೆ ದಾರ ಕಟ್ಟಿ ಮೇಲಿನಿಂದ ತೂಗುಹಾಕಬೇಕು. ಇಲ್ಲಿ ಗಾಳಿಯೂ ಇದೆ. ಮಡಿಕೆಗಳ ನಡುವೆ ಸಿಕ್ಕಿಕೊಂಡ ಗಾಳಿ, ರಾಕೆಟ್ ಮೇಲೇರಿದಂತೆ ಹಿಗ್ಗಿ ಹಾಳೆಯನ್ನು ಉಬ್ಬಿಸಬಹುದು. ಆ ಗಾಳಿ ಹೊರಹೋಗಲು ದಾರಿ ಮಾಡಿರಬೇಕು. ಮೇಲೆ ಬಿಸಿಲಿಗೆ ಬಿದ್ದ ಕಡೆ ಸುಡುತ್ತದೆ, ನೆರಳಿನ ಕಡೆ ಕೊರೆಯುತ್ತದೆ. ಕೀಲು ಎರಡಕ್ಕೂ ಒಗ್ಗಬೇಕು. ರಾಕೆಟ್ಟಿನ ಅದುರಾಟವನ್ನೂ ತಡೆದುಕೊಳ್ಳಬೇಕು.

ಮಳೆಯಲ್ಲಿ ಛತ್ರಿ ಬಿಚ್ಚಿಕೊಳ್ಳದಿದ್ದರೆ ನೀವು ಒಮ್ಮೆ ಜಾಡಿಸುತ್ತೀರಿ, ಬೆರಳಿನಿಂದ ಕಡ್ಡಿ ಸರಿಮಾಡುತ್ತೀರಿ. ಹಾಸನದಲ್ಲಿ ಕುಳಿತವರ ಕೈ 36,000 ಕಿಲೋಮೀಟರ್ ಮೇಲಕ್ಕೆ ಹೋಗುವುದಿಲ್ಲ. ಅವರಿಂದ ಕಳಿಸಲಾಗುವುದು ರೇಡಿಯೋ ಆಜ್ಞೆ ಮಾತ್ರ. ಆದ್ದರಿಂದ ಕಟ್ಟುವಾಗಲೇ, ಮಡಚುವಾಗಲೇ ತಪ್ಪಿಲ್ಲದೆ ಕಟ್ಟಬೇಕು, ತಪ್ಪಿಲ್ಲದೆ ಮಡಚಬೇಕು. ಇನ್ಸಾಟ್-1ಎ ಕಲಿಸಿದ ಪಾಠ ಇದು. ಇನ್ನು ಮುಂದೆ ಯಡಿಯೂರಿನಲ್ಲಿ ಹಾಸನದ ಬಸ್ಸು ಕಂಡಾಗ ಆ ಬಿಚ್ಚದ ಹಾಯಿಯೂ, ಆದಿತ್ಯನ ಆ 9 ಸೆಕೆಂಡುಗಳೂ ನಿಮಗೆ ನೆನಪಾಗಲಿ.

ಮಾಡಿ ನೋಡಿ

ಬೇಕಾದ ವಸ್ತುಗಳು: ಡ್ರಾಯಿಂಗ್ ಹಾಳೆ, ಕತ್ತರಿ, ಅಳತೆ ಪಟ್ಟಿ, ಕೆಲವು ರಾಗಿ ಕಾಳು, ಅಂಟು.

1. ಡ್ರಾಯಿಂಗ್ ಹಾಳೆಯಲ್ಲಿ 30 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ.
2. ಒಂದು ಪಟ್ಟಿಯ ತುದಿ ಹಿಡಿದು ಅಡ್ಡಲಾಗಿ ಚಾಚಿ. ಅದು ಜೋಲುತ್ತದೆ.
3. ಇನ್ನೊಂದನ್ನು ಪೆನ್ಸಿಲಿನ ಉದ್ದಕ್ಕೆ ಒತ್ತಿ ಅಡ್ಡಲಾಗಿ ದೋಣಿಯಂತೆ ಬಾಗಿಸಿ. ಹಿಡಿಯುವ ತುದಿಯನ್ನೂ ಹಾಗೆಯೇ ಬಾಗಿಸಿ ಹಿಡಿದು ಚಾಚಿ. ಈಗ ನೆಟ್ಟಗೆ ನಿಲ್ಲುತ್ತದೆ. ಕಾಗದ ಅದೇ, ತೂಕ ಅದೇ, ಆಕಾರ ಮಾತ್ರ ಬೇರೆ!
4. ಪಟ್ಟಿಗಳ ತುದಿಗೆ ಒಂದೊಂದಾಗಿ ರಾಗಿ ಕಾಳುಗಳನ್ನು ಅಂಟಿಸಿ. ಯಾವ ಪಟ್ಟಿ ಎಷ್ಟು ಕಾಳಿಗೆ ಎಷ್ಟು ಬಾಗಿತು? ಪಟ್ಟಿ ಮಾಡಿ ಬರೆಯಿರಿ.

ಯೋಚಿಸಿ, ಉತ್ತರಿಸಿ

1. ಇನ್ಸಾಟ್-1ಎ ಉಪಗ್ರಹಕ್ಕೆ ಸೌರಫಲಕ ಒಂದೇ ಕಡೆ ಇದ್ದುದು ಯಾಕೆ?
2. ಸೌರಹಾಯಿಯನ್ನು ಕಪ್ಪು ಹಾಳೆಯಿಂದ ಮಾಡಿದರೆ ಏನಾಗುತ್ತದೆ?
3. 32 ಚದರ ಮೀಟರ್ ಹಾಯಿಗೆ ಹತ್ತು ರಾಗಿ ಕಾಳಿನ ಭಾರದಷ್ಟು ಬಲ ಸಿಕ್ಕಿದರೆ, 80 ಚದರ ಮೀಟರ್ ಹಾಯಿಗೆ ಎಷ್ಟು ಕಾಳಿನಷ್ಟು?
4. ನಿಮ್ಮ ಮನೆ, ತೋಟ, ಶಾಲೆಗಳಲ್ಲಿ ಮಡಚಿ ಬಿಚ್ಚುವ ವಸ್ತುಗಳು ಯಾವುವು? ಅವು ಮೇಲಿನ ನಾಲ್ಕು ಉಪಾಯಗಳಲ್ಲಿ ಯಾವುದಕ್ಕೆ ಸೇರುತ್ತವೆ? ಗೆಳೆಯರೊಡನೆ ಚರ್ಚಿಸಿ.